‘ನನ್ನನ್ನು ಇಷ್ಟಪಡಿ’ ಎಂಬ ವಿಧ್ಯರ್ಥ: ಜಾಶ್ ಥಾಮಸ್ ಅವರ ವೇದಿಕೆಯ ಮಾತು ಮತ್ತು ಟೆಲಿವಿಷನ್ ಸಂಭಾಷಣೆ

ಸಾರಾಂಶ

ಆಸ್ಟ್ರೇಲಿಯದ ಸ್ಟ್ಯಾಂಡ್‌ಅಪ್ ಕಾಮಿಡಿಯನ್ ಹಾಗೂ ಟೆಲಿವಿಷನ್ ಬರಹಗಾರ ಜಾಶ್ ಥಾಮಸ್ ಅವರ ವೃತ್ತಿಜೀವನವನ್ನು ವಿಮರ್ಶಕರು ಸಾಮಾನ್ಯವಾಗಿ ಆತ್ಮಕಥನದ ವಿಸ್ತರಣೆ ಎಂದು ಓದುತ್ತಾರೆ. ಈ ಲೇಖನವು ಅದನ್ನು ಮಾತಿನ ಒಡೆತನದ ಮರುಹಂಚಿಕೆ ಎಂದು ಓದುತ್ತದೆ. ವೇದಿಕೆಯಲ್ಲಿ ತನ್ನ ಬಗೆಗಿನ ಜ್ಞಾನ ಹೇಳುವವನ ಸ್ವಾಧೀನದಲ್ಲಿರುತ್ತದೆ. ಟೆಲಿವಿಷನ್ ಸಂಭಾಷಣೆಯಲ್ಲಿ ಥಾಮಸ್ ಅದನ್ನು ಇತರರ ಸರದಿಗಳಿಗೆ ಬಿಟ್ಟುಕೊಡುತ್ತಾರೆ. ‘ಪ್ಲೀಸ್ ಲೈಕ್ ಮಿ’ (2013–2016) ಸರಣಿಯ ಬಲ ಈ ಬಿಟ್ಟುಕೊಡುವಿಕೆಯಲ್ಲಿದೆ. ‘ಎವ್ರಿಥಿಂಗ್ಸ್ ಗೊನ್ನಾ ಬಿ ಓಕೆ’ (2020–2021) ಸರಣಿಯಲ್ಲಿ ಅದು ಭಾಗಶಃ ಹಿಂದೆ ಸರಿಯುತ್ತದೆ ಎಂಬುದು ನಮ್ಮ ವಾದ.

ಮುಖ್ಯ ಪದಗಳು: ಸಂಭಾಷಣಾ ವಿಶ್ಲೇಷಣೆ, ಜ್ಞಾನದ ಒಡೆತನ, ಸ್ವವಾಚಕ ಸರ್ವನಾಮ, ನಗು, ಲೈಂಗಿಕ ಅಸ್ಮಿತೆ

1. ಪ್ರಶ್ನೆಯ ನೆಲೆ

ಒಬ್ಬ ಸಲಿಂಗಪ್ರೇಮಿ ಕಲಾವಿದ ವೇದಿಕೆಯ ಏಕವ್ಯಕ್ತಿ ಹಾಸ್ಯದಿಂದ ಟೆಲಿವಿಷನ್ ಬರವಣಿಗೆಗೆ ಬಂದಾಗ ಅವನ ಭಾಷೆಗೆ ಏನಾಗುತ್ತದೆ? ಮಾಧ್ಯಮ ಅಧ್ಯಯನದಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ಬಹುಮಟ್ಟಿಗೆ ಪ್ರಾತಿನಿಧ್ಯದ ಪರಿಭಾಷೆಯಲ್ಲಿರುತ್ತದೆ: ಯಾರು ಕಾಣಿಸಿಕೊಂಡರು, ಎಷ್ಟು ಕಾಣಿಸಿಕೊಂಡರು, ಯಾವ ಬೆಳಕಿನಲ್ಲಿ ಕಾಣಿಸಿಕೊಂಡರು. ಆ ಪ್ರಶ್ನೆಗಳು ಅಮುಖ್ಯವಲ್ಲ. ಆದರೆ ಕಾಣಿಸಿಕೊಂಡವರು ಯಾವ ವಾಕ್ಯವನ್ನು ಯಾರ ಸರದಿಯಲ್ಲಿ ಆಡಿದರು ಎಂಬುದನ್ನು ಅವು ಮುಟ್ಟುವುದಿಲ್ಲ. ‘ನಾನು ಗೇ’ ಎಂಬ ವಾಕ್ಯವನ್ನೂ ‘ನೀನು ಗೇ’ ಎಂಬ ವಾಕ್ಯವನ್ನೂ ಪ್ರಾತಿನಿಧ್ಯದ ಲೆಕ್ಕ ಒಂದೇ ಖಾನೆಯಲ್ಲಿ ಬರೆದುಕೊಳ್ಳುತ್ತದೆ. ಭಾಷಾಶಾಸ್ತ್ರದ ದೃಷ್ಟಿಯಲ್ಲಿ ಇವೆರಡೂ ಬೇರೆ ಬೇರೆ ಕೃತ್ಯಗಳು.

ಥಾಮಸ್ ಅವರ ವೃತ್ತಿಯ ಹೊರರೇಖೆ ಸರಳವಾಗಿದೆ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಬೆಳೆದ ಅವರು 2005ರಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗಲೇ, ಮೆಲ್ಬರ್ನ್ ಅಂತರರಾಷ್ಟ್ರೀಯ ಕಾಮಿಡಿ ಉತ್ಸವವು ಹೊಸಬರಿಗಾಗಿ ನಡೆಸುವ ‘ರಾ ಕಾಮಿಡಿ’ ಸ್ಪರ್ಧೆಯನ್ನು ಗೆದ್ದರು. 2007ರಲ್ಲಿ ಅದೇ ಉತ್ಸವದಲ್ಲಿ ‘ಪ್ಲೀಸ್ ಲೈಕ್ ಮಿ’ ಎಂಬ ವೇದಿಕೆ ಪ್ರದರ್ಶನ ನೀಡಿದರು. 2009ರಿಂದ 2012ರವರೆಗೆ ನೆಟ್‌ವರ್ಕ್ ಟೆನ್ ವಾಹಿನಿಯಲ್ಲಿ ಶಾನ್ ಮಿಕ್ಯಾಲೆಫ್ ನಡೆಸಿಕೊಟ್ಟ ‘ಟಾಕಿನ್ ಬೌಟ್ ಯುವರ್ ಜನರೇಷನ್’ ಆಟದ ಕಾರ್ಯಕ್ರಮದಲ್ಲಿ ಕಿರಿಯ ತಲೆಮಾರಿನ ತಂಡದ ನಾಯಕರಾಗಿ ಮನೆಮಾತಾದರು. 2013ರಲ್ಲಿ ಎಬಿಸಿ2 ವಾಹಿನಿಯಲ್ಲಿ, ವೇದಿಕೆ ಪ್ರದರ್ಶನದ ಹೆಸರನ್ನೇ ಹೊತ್ತ ಟೆಲಿವಿಷನ್ ಸರಣಿ ಆರಂಭವಾಯಿತು. ನಾಲ್ಕು ಸೀಸನ್‌ಗಳಲ್ಲಿ 32 ಕಂತುಗಳು ಬಂದವು. ನಂತರ ಅಮೆರಿಕದ ಫ್ರೀಫಾರ್ಮ್ ವಾಹಿನಿಗಾಗಿ ಎರಡನೆಯ ಸರಣಿಯನ್ನು ರೂಪಿಸಿದರು. ಎರಡರಲ್ಲೂ ಅವರೇ ಸೃಷ್ಟಿಕರ್ತ, ಅವರೇ ಮುಖ್ಯ ನಟ.

ವಿಶ್ಲೇಷಣೆಯ ಅನುಕೂಲಕ್ಕಾಗಿ ಕನ್ನಡದ ಗೌರವ ವ್ಯವಸ್ಥೆಯನ್ನು ಇಲ್ಲಿ ಉದ್ದೇಶಪೂರ್ವಕವಾಗಿ ಬಳಸುತ್ತೇವೆ. ಬರಹಗಾರನನ್ನು ‘ಥಾಮಸ್ ಅವರು’ ಎಂದೂ ಅವರೇ ನಟಿಸುವ ಪಾತ್ರವನ್ನು ‘ಜಾಶ್, ಅವನು’ ಎಂದೂ ಕರೆಯುತ್ತೇವೆ. ಮೊದಲ ಸರಣಿಯಲ್ಲಿ ಪಾತ್ರಕ್ಕೂ ಬರಹಗಾರನಿಗೂ ಒಂದೇ ಹೆಸರಿರುವುದರಿಂದ, ಇಂಗ್ಲಿಷಿನ ವಿಮರ್ಶೆಯಲ್ಲಿ ಪದೇ ಪದೇ ಕಲಸಿಹೋಗುವ ಇಬ್ಬರು ಈ ಬಳಕೆಯಲ್ಲಿ ಕ್ರಿಯಾಪದದ ಪ್ರತ್ಯಯದಿಂದಲೇ ಬೇರೆಯಾಗುತ್ತಾರೆ.

2. ಶೀರ್ಷಿಕೆಯ ವ್ಯಾಕರಣ

‘ಪ್ಲೀಸ್ ಲೈಕ್ ಮಿ’ ರಚನೆಯಲ್ಲಿ ಒಂದು ವಿನಂತಿ. ಸರ್ಲ್ (1969) ಸೂಚಿಸಿದ ಪೂರ್ವಸಿದ್ಧತಾ ನಿಯಮದಂತೆ, ವಿನಂತಿ ಸಫಲವಾಗಬೇಕಾದರೆ ಕೇಳಿದ ಕೆಲಸವನ್ನು ಮಾಡುವ ಸಾಮರ್ಥ್ಯ ಕೇಳುಗನಿಗಿರಬೇಕು. ಇಷ್ಟಪಡುವುದು ಇಚ್ಛೆಗೆ ಒಳಪಟ್ಟ ಕೆಲಸವಲ್ಲ. ಆದ್ದರಿಂದ ವಾಕ್ಯ ಹುಟ್ಟುವಾಗಲೇ ವಿಫಲ. ಅದರ ಹಾಸ್ಯವೂ ಅದರ ದೈನ್ಯವೂ ಒಂದೇ ಮೂಲದಿಂದ ಬರುತ್ತವೆ.

ಇಂಗ್ಲಿಷಿನಲ್ಲಿ ಮರೆಯಾಗಿರುವ ಈ ಬಿಕ್ಕಟ್ಟನ್ನು ಕನ್ನಡದ ವ್ಯಾಕರಣ ಮೇಲ್ಮೈಗೆ ತರುತ್ತದೆ. ನಮ್ಮಲ್ಲಿ ಈ ಅನುಭವಕ್ಕೆ ಸಹಜವಾದ ರಚನೆ ಚತುರ್ಥಿಯದು: ‘ನನಗೆ ಅವನು ಇಷ್ಟ’. ಅನುಭವಿ ಇಲ್ಲಿ ಕರ್ತೃವಲ್ಲ, ಇಷ್ಟವೆಂಬುದು ಬಂದು ಸೇರುವ ತಾಣ. ಈ ರಚನೆಗೆ ವಿಧ್ಯರ್ಥ ರೂಪವೇ ಇಲ್ಲ. ‘ನಿಮಗೆ ನಾನು ಇಷ್ಟವಾಗಲಿ’ ಎಂದು ಹಾರೈಸಬಹುದು, ಆಜ್ಞಾಪಿಸಲಾಗದು. ಆಜ್ಞಾಪಿಸಬೇಕಾದರೆ ‘ಇಷ್ಟಪಡು’ ಎಂಬ ಸಂಯುಕ್ತ ಕ್ರಿಯೆಗೆ ಹೋಗಬೇಕು. ಅಲ್ಲಿ ಅನುಭವಿ ಪ್ರಥಮಾ ವಿಭಕ್ತಿಗೆ ಬಂದು ಸ್ವಲ್ಪಮಟ್ಟಿಗೆ ಹೊಣೆಗಾರನಾಗುತ್ತಾನೆ. ಹೀಗೆ ಅನುಭವವನ್ನು ಕ್ರಿಯೆಯನ್ನಾಗಿ ಒತ್ತಾಯದಿಂದ ತಿರುಗಿಸುವುದೇ ಸ್ಟ್ಯಾಂಡ್‌ಅಪ್ ಕಾಮಿಡಿಯ ಕಸುಬು. ಹಣ ಕೊಟ್ಟು ಬಂದು ಕುಳಿತ ಅಪರಿಚಿತರಲ್ಲಿ, ಒಂದು ಗಂಟೆಯೊಳಗೆ, ಇಷ್ಟವನ್ನು ಹುಟ್ಟಿಸಬೇಕು.

ಕನ್ನಡ ಇನ್ನೊಂದು ಆಯ್ಕೆಯನ್ನೂ ಬಲವಂತ ಮಾಡುತ್ತದೆ: ‘ಇಷ್ಟಪಡು’ ಎನ್ನಬೇಕೋ ‘ಇಷ್ಟಪಡಿ’ ಎನ್ನಬೇಕೋ? ವೇದಿಕೆಯ ಶೀರ್ಷಿಕೆಗೆ ಬಹುವಚನವೇ ಸರಿ. ಕೇಳುಗರು ಎದುರಿಗೆ ಕುಳಿತಿದ್ದಾರೆ. ಸರಣಿಯ ಶೀರ್ಷಿಕೆಯಾದಾಗ ಉತ್ತರ ಅಷ್ಟು ಸುಲಭವಲ್ಲ. ಜಾಶ್ ತಾಯಿಯನ್ನು, ಗೆಳೆಯನನ್ನು, ತಂದೆಯನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಿದ್ದಾನೆ, ವೀಕ್ಷಕರನ್ನಲ್ಲ. ಅಲನ್ ಬೆಲ್ (1984) ಗುರುತಿಸಿದ ಶ್ರೋತೃಸ್ತರಗಳಲ್ಲಿ ಹೇಳುವುದಾದರೆ, ವೇದಿಕೆಯ ಕೇಳುಗ ನೇರ ಸಂಬೋಧಿತ. ಪಾತ್ರಗಳ ಮಾತಿನ ಮಟ್ಟಿಗೆ ಟೆಲಿವಿಷನ್ ವೀಕ್ಷಕ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವವನು. ಶೀರ್ಷಿಕೆಯ ಪದಗಳು ಬದಲಾಗಿಲ್ಲ; ಸಂಬೋಧಿತರು ಬದಲಾಗಿದ್ದಾರೆ.

3. ನಗುವಿನ ಸರದಿ

ವೇದಿಕೆಯ ಹಾಸ್ಯ ಏಕಭಾಷಣದಂತೆ ಕಂಡರೂ ಸರದಿ ವ್ಯವಸ್ಥೆಯಿಂದ ಹೊರಗಿಲ್ಲ. ಸ್ಯಾಕ್ಸ್ (1974) ತೋರಿಸಿದಂತೆ ನಗೆಮಾತಿಗೆ ಪೀಠಿಕೆ, ನಿರೂಪಣೆ, ಪ್ರತಿಕ್ರಿಯೆ ಎಂಬ ಮೂರು ಘಟ್ಟಗಳಿವೆ, ಮೂರನೆಯದು ಕೇಳುಗರದು. ನಗು ಎಂದರೆ ‘ಅರ್ಥವಾಯಿತು’ ಎಂಬುದಕ್ಕೆ ಸಾರ್ವಜನಿಕ ರುಜುವಾತು. ಜೆಫರ್ಸನ್ (1979) ನಗುವನ್ನು ಆಹ್ವಾನಿಸುವ, ಒಪ್ಪಿಕೊಳ್ಳುವ, ನಿರಾಕರಿಸುವ ವಿಧಾನಗಳನ್ನು ದಾಖಲಿಸಿದಾಗ ಸ್ಪಷ್ಟವಾದದ್ದು ಇದೇ: ನಗು ಒಂದು ಸರದಿ, ಅದು ಬಾರದಿದ್ದರೆ ಅದರ ಗೈರುಹಾಜರಿಯೂ ಕೇಳಿಸುತ್ತದೆ.

ತನ್ನ ಲೈಂಗಿಕತೆಯನ್ನು ವೇದಿಕೆಯಲ್ಲಿ ಹೇಳಿಕೊಳ್ಳುವ ಕಾಮಿಡಿಯನ್‌ಗೆ ಈ ವ್ಯವಸ್ಥೆ ರಕ್ಷಣೆಯನ್ನೂ ಕೊಡುತ್ತದೆ, ಬೆಲೆಯನ್ನೂ ಕೇಳುತ್ತದೆ. ರಕ್ಷಣೆ ಏನೆಂದರೆ, ಜ್ಞಾನ ಅವನ ಸ್ವಾಧೀನದಲ್ಲಿದೆ: ಯಾವಾಗ ಹೇಳಬೇಕು, ಯಾವ ಪದದಲ್ಲಿ ಹೇಳಬೇಕು ಎಂಬುದನ್ನು ಅವನೇ ನಿರ್ಧರಿಸುತ್ತಾನೆ. ಗಾಫ್‌ಮನ್ (1981) ಬಿಡಿಸಿಟ್ಟ ಮೂರು ಸ್ಥಾನಗಳು, ಅಂದರೆ ಮಾತನ್ನು ಉಚ್ಚರಿಸುವವನು, ರಚಿಸಿದವನು, ಅದಕ್ಕೆ ಹೊಣೆಯಾದವನು, ಇಲ್ಲಿ ಒಬ್ಬನಲ್ಲೇ ಕೂಡಿರುವಂತೆ ತೋರುತ್ತವೆ. ಬೆಲೆ ಏನೆಂದರೆ, ಹೇಳಿಕೆ ನಗುವಿನಲ್ಲೇ ಮುಗಿಯಬೇಕು. ನೋವಿಗೆ ಸಿಗುವ ಏಕೈಕ ಉತ್ತರ ನಗು.

ಈ ಬೆಲೆಯನ್ನು ಅತ್ಯಂತ ತೀಕ್ಷ್ಣವಾಗಿ ಬಹಿರಂಗಪಡಿಸಿದವರು ಟ್ಯಾಸ್ಮೇನಿಯದ ಹ್ಯಾನಾ ಗ್ಯಾಡ್ಸ್‌ಬಿ. 2018ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ನ್ಯಾನೆಟ್’ ಪ್ರದರ್ಶನದಲ್ಲಿ ಅವರು, ಅಂಚಿನಲ್ಲಿರುವವರು ತಮ್ಮನ್ನೇ ಹೀಗಳೆದುಕೊಂಡು ನಗಿಸುವುದು ವಿನಯವಲ್ಲ, ಅವಮಾನ ಎಂದು ವಾದಿಸಿ, ನಗುವಿನ ಸರದಿಯನ್ನು ಕೇಳುಗರಿಂದ ಹಿಂತೆಗೆದುಕೊಂಡರು. ಅದೇ ಗ್ಯಾಡ್ಸ್‌ಬಿ ‘ಪ್ಲೀಸ್ ಲೈಕ್ ಮಿ’ಯ ಎರಡನೆಯ ಸೀಸನ್ನಿನಿಂದ ಮಾನಸಿಕ ಚಿಕಿತ್ಸಾಲಯದ ಒಳರೋಗಿಯಾದ ಹ್ಯಾನಾ ಎಂಬ ಪಾತ್ರವನ್ನು ನಿರ್ವಹಿಸಿದ್ದರು. 2005ರಲ್ಲಿ ಥಾಮಸ್, 2006ರಲ್ಲಿ ಗ್ಯಾಡ್ಸ್‌ಬಿ ‘ರಾ ಕಾಮಿಡಿ’ ಗೆದ್ದವರು; ಇಬ್ಬರಿಗೂ ಎದುರಾದ ರಚನಾತ್ಮಕ ಸಮಸ್ಯೆ ಒಂದೇ. ಗ್ಯಾಡ್ಸ್‌ಬಿ ಅದನ್ನು ವೇದಿಕೆಯ ಮೇಲೆಯೇ ಮುರಿದರು. ಥಾಮಸ್ ಅದಕ್ಕೆ ಐದು ವರ್ಷ ಮೊದಲೇ ಬೇರೊಂದು ದಾರಿ ಹಿಡಿದಿದ್ದರು: ನಗುವಿನ ಧ್ವನಿಪಟ್ಟಿಯಿಲ್ಲದ ಟೆಲಿವಿಷನ್ ಸಂಭಾಷಣೆ. ಅಲ್ಲಿ ನಗೆಮಾತಿನ ಮೂರನೆಯ ಘಟ್ಟವನ್ನು ತುಂಬಬೇಕಾದವರು ಇತರ ಪಾತ್ರಗಳು. ಅವರು ನಗದೆಯೂ ಇರಬಹುದು, ಮಾತು ಬದಲಿಸಲೂಬಹುದು, ಎದ್ದು ಹೋಗಲೂಬಹುದು.

4. ಇನ್ನೊಬ್ಬರ ಬಾಯಲ್ಲಿ ‘ನಾನು’

ಸರಣಿಯ ಮೊದಲ ಕಂತಿನ ಆರಂಭದಲ್ಲೇ ನಮ್ಮ ವಾದಕ್ಕೆ ಕೇಂದ್ರವಾದ ಘಟನೆ ನಡೆಯುತ್ತದೆ. ಜಾಶ್‌ನ ಗೆಳತಿ ಕ್ಲೇರ್ ಸಂಬಂಧ ಮುರಿದುಕೊಳ್ಳುತ್ತಾಳೆ. ಅದರ ಜೊತೆಗೇ ಅವನು ಗೇ ಎಂಬುದನ್ನೂ ಅವಳೇ ಅವನಿಗೆ ತಿಳಿಸುತ್ತಾಳೆ. ಆಕ್ರೋಶವಿಲ್ಲ, ಆಪಾದನೆಯಿಲ್ಲ, ಮರೆತುಹೋದದ್ದನ್ನು ನೆನಪಿಸುವ ಧಾಟಿಯ ಮಾತು.

ಲೈಂಗಿಕತೆಯ ಪ್ರಕಟಣೆಯನ್ನು ವಾಕ್ಕೃತ್ಯವಾಗಿ ಪರಿಶೀಲಿಸಿದ ಚಿರ್ರಿ (2003) ಅವರ ಚರ್ಚೆಯ ಕೇಂದ್ರದಲ್ಲಿರುವುದು ಉತ್ತಮ ಪುರುಷದ ಹೇಳಿಕೆ: ಹೇಳುವವನು ಹೇಳುವುದರಿಂದಲೇ ಲೋಕದಲ್ಲಿ ತನ್ನ ಸ್ಥಾನ ಬದಲಾಗುತ್ತದೆ. ಕ್ಲೇರ್‌ಳ ಮಾತು ಈ ಮಾದರಿಯನ್ನು ತಲೆಕೆಳಗು ಮಾಡುತ್ತದೆ. ಲಬಾವ್ ಮತ್ತು ಫ್ಯಾನ್ಶೆಲ್ (1977) ಹೇಳುವಂತೆ, ಕೇಳುಗನಿಗೆ ಮಾತ್ರ ಗೊತ್ತಿರುವ ಸಂಗತಿಯ ಬಗ್ಗೆ ಮಾತುಗಾರ ಹೇಳಿಕೆ ಕೊಟ್ಟರೆ ಅದು ದೃಢೀಕರಣದ ಕೋರಿಕೆಯಾಗಿ ಕೇಳಿಸುತ್ತದೆ. ‘ನಿನಗೆ ತಲೆನೋವು’ ಎಂದರೆ ‘ಹೌದೇ?’ ಎಂಬ ಪ್ರಶ್ನೆ ಅದರೊಳಗಿದೆ. ಕ್ಲೇರ್‌ಳ ವಾಕ್ಯದಲ್ಲಿ ಆ ಪ್ರಶ್ನೆ ಇಲ್ಲ. ಹೆರಿಟೇಜ್ (2012) ಅವರ ಪರಿಭಾಷೆಯಲ್ಲಿ, ಹೆಚ್ಚು ಬಲ್ಲವನ ಸ್ಥಾನದಲ್ಲಿರಬೇಕಾದ ಜಾಶ್ ಕಡಿಮೆ ಬಲ್ಲವನ ಸ್ಥಾನಕ್ಕೆ ಇಳಿದಿದ್ದಾನೆ, ಅದೂ ತನ್ನದೇ ವಿಷಯದಲ್ಲಿ. ಹಾಸ್ಯ ಹುಟ್ಟುವುದು ಈ ಇಳಿತದಿಂದ. ಕ್ರೌರ್ಯ ಹುಟ್ಟಬಹುದಾಗಿದ್ದದ್ದೂ ಅಲ್ಲಿಂದಲೇ. ಅದನ್ನು ತಡೆಯುವುದು ಕ್ಲೇರ್‌ಳ ಮಾತಿನ ಮೃದುತ್ವ.

ಈ ದೃಶ್ಯವನ್ನು ಕನ್ನಡದಲ್ಲಿ ವರದಿ ಮಾಡಲು ಹೊರಟರೆ ಸ್ವವಾಚಕ ‘ತಾನು’ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಹೋಲಿಸಿ:

(ಅ) ತಾನು ಗೇ ಎಂದು ಜಾಶ್ ಹೇಳಿದನು.
(ಆ) ಅವನು ಗೇ ಎಂದು ಕ್ಲೇರ್ ಹೇಳಿದಳು.
(ಇ) ತಾನು ಗೇ ಎಂದು ಕ್ಲೇರ್ ಹೇಳಿದಳು.

ಕನ್ನಡದ ಸ್ವವಾಚಕಗಳ ಬಗ್ಗೆ ಲಿಡ್ಜ್ (2001) ಮೊದಲಾದವರ ಚರ್ಚೆಯ ಪರಿಚಯವಿರುವ ಓದುಗರಿಗೆ (ಇ) ಜಾಶ್‌ನನ್ನು ಸೂಚಿಸಲಾರದೆಂಬುದು ಹೊಸತಲ್ಲ: ಅಂತಸ್ಥ ವಾಕ್ಯದ ‘ತಾನು’ ಮೇಲಿನ ವಾಕ್ಯದ ಕರ್ತೃವನ್ನೇ ಹಿಡಿಯುತ್ತದೆ. ನಮಗೆ ಮುಖ್ಯವಾದದ್ದು ವಿಮರ್ಶೆಗೆ ಇದರ ಉಪಯೋಗ. (ಅ)ದಲ್ಲಿ ಹೇಳುವವನು ತನ್ನನ್ನು ತಾನೆಂದೇ ಅರಿತು ಹೇಳುತ್ತಾನೆ. (ಆ)ದಲ್ಲಿ ಅದೇ ಸಂಗತಿ ಇದೆ, ಸ್ವಾರಿವು ಇಲ್ಲ. ಸ್ಟ್ಯಾಂಡ್‌ಅಪ್ (ಅ)ದ ಪ್ರಕಾರ. ಸರಣಿ ಆರಂಭವಾಗುವುದು (ಆ)ದಿಂದ. ಮೊದಲ ಸೀಸನ್ನಿನ ಕಥಾಸೂತ್ರವನ್ನು (ಆ)ದಿಂದ (ಅ)ದೆಡೆಗಿನ ನಿಧಾನ ಪಯಣವೆಂದು ಓದಬಹುದು. ಬೇರೆಯವರು ಮೊದಲೇ ಹೇಳಿಬಿಟ್ಟ ವಾಕ್ಯವನ್ನು ತನ್ನ ಬಾಯಿಗೆ ತಂದುಕೊಳ್ಳುವುದು, ಶೆಗ್ಲಾಫ್, ಜೆಫರ್ಸನ್ ಮತ್ತು ಸ್ಯಾಕ್ಸ್ (1977) ವಿವರಿಸಿದ ದುರಸ್ತಿಯ ಕ್ರಮವನ್ನು ನೆನಪಿಸುತ್ತದೆ. ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಅವಕಾಶ ಮೊದಲು ಸಿಗಬೇಕೆಂಬುದು ಸಂಭಾಷಣೆಯ ಸೌಜನ್ಯ; ಜಾಶ್‌ಗೆ ಆ ಅವಕಾಶ ಸಿಗಲಿಲ್ಲ.

ಇಲ್ಲಿ ಪದದ ಆಯ್ಕೆಯ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಬಹುಕಾಲ ಚಾಲ್ತಿಯಲ್ಲಿದ್ದ ‘ಸಲಿಂಗಕಾಮಿ’ ಪದ ವ್ಯಕ್ತಿಯನ್ನು ಅವನ ಕಾಮದಿಂದಲೇ ಗುರುತಿಸುತ್ತದೆ. ಭಿನ್ನಲಿಂಗಿಗಳಿಗೆ ಸಂವಾದಿಯಾದ ಕಾಮಸೂಚಕ ಪದವನ್ನು ದಿನಬಳಕೆಯಲ್ಲಿ ಯಾರೂ ಹಚ್ಚುವುದಿಲ್ಲ. ಗುರುತಿಲ್ಲದಿರುವುದೇ ಬಹುಸಂಖ್ಯೆಯ ಗುರುತು ಎಂಬ ಕಿಟ್ಸಿಂಗರ್ (2005) ಅವರ ಒಳನೋಟ ನಮ್ಮ ಪದಕೋಶಕ್ಕೂ ಅನ್ವಯಿಸುತ್ತದೆ. ವಿವರಣೆಗೆ ‘ಸಲಿಂಗಪ್ರೇಮಿ’ಯನ್ನೂ, ಪಾತ್ರಗಳ ಬಾಯಿಂದ ಬರುವ ಪದವನ್ನು ಸೂಚಿಸಲು ‘ಗೇ’ಯನ್ನೂ ನಾವು ಬಳಸಿರುವುದು ಈ ಕಾರಣಕ್ಕೆ. ಥಾಮಸ್ ಅವರ ಸರಣಿ ಆರಂಭವಾದ 2013ರಲ್ಲೇ ಪ್ರಕಟವಾದ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನ ಕನ್ನಡದಲ್ಲಿ ಈ ಪದಗಳ ಚರ್ಚೆಯನ್ನು ವಿದ್ವತ್ ವಲಯದಿಂದ ಓದುಗರ ವಲಯಕ್ಕೆ ತಂದಿತು. ಎರಡರ ನಡುವೆ ಪ್ರಭಾವದ ಸಂಬಂಧವಿಲ್ಲ; ಒಂದೇ ಪ್ರಶ್ನೆ ಎರಡು ಭಾಷೆಗಳಲ್ಲಿ ಒಂದೇ ಕಾಲಕ್ಕೆ ಕಥನರೂಪ ಪಡೆಯಿತು, ಅಷ್ಟೆ.

5. ತಾಯಿಯೊಡನೆ ಮಾತು

ಲೈಂಗಿಕತೆಯೇ ಈ ಸರಣಿಯ ಮುಖ್ಯ ವಸ್ತುವೆಂದು ಓದುವವರು ಅದರ ಅರ್ಧವನ್ನು ಕಳೆದುಕೊಳ್ಳುತ್ತಾರೆ. ಜಾಶ್ ತನ್ನ ಬಗ್ಗೆ ತಿಳಿದುಕೊಳ್ಳುವ ಹೊತ್ತಿಗೇ ತಾಯಿ ರೋಸ್ ಆತ್ಮಹತ್ಯೆಗೆ ಯತ್ನಿಸುತ್ತಾಳೆ. ಅವನು ಅವಳ ಮನೆಗೆ ಮರಳುತ್ತಾನೆ. ಡೆಬ್ರಾ ಲಾರೆನ್ಸ್ ನಿರ್ವಹಿಸಿದ ಈ ಪಾತ್ರದ ಮೂಲಕ ‘ತನ್ನ ಬಗ್ಗೆ ಬಲ್ಲವರು ಯಾರು’ ಎಂಬ ಪ್ರಶ್ನೆ ಇನ್ನೊಂದು ಅಂಚಿಗೆ ಹೋಗುತ್ತದೆ. ಮಾನಸಿಕ ಅಸ್ವಾಸ್ಥ್ಯವುಳ್ಳವರು ತಮ್ಮ ಸ್ಥಿತಿಯ ಬಗ್ಗೆ ಆಡುವ ಮಾತಿಗೆ ಸುತ್ತಲಿನವರು ಪೂರ್ಣ ಅಧಿಕಾರ ಕೊಡುವುದಿಲ್ಲ. ‘ನಾನು ಚೆನ್ನಾಗಿದ್ದೇನೆ’ ಎಂಬ ಉತ್ತಮ ಪುರುಷದ ಹೇಳಿಕೆ ಅವರ ಬಾಯಲ್ಲಿ ಸಾಕ್ಷಿಯಾಗುವುದಿಲ್ಲ, ಲಕ್ಷಣವಾಗುತ್ತದೆ.

ಎರಡನೆಯ ಸೀಸನ್ನಿನ ‘ಸ್ಕ್ರಾಗಿನ್’ ಕಂತಿನಲ್ಲಿ ತಾಯಿ ಮಗ ಇಬ್ಬರೇ ಟ್ಯಾಸ್ಮೇನಿಯದ ಕಾಡುದಾರಿಯಲ್ಲಿ ನಡೆಯುತ್ತಾರೆ. ಚಿಕಿತ್ಸಾಲಯದ ಒಡನಾಡಿಯೊಬ್ಬಳ ಆತ್ಮಹತ್ಯೆ ಅವರ ಹಿಂದಿದೆ. ಮೂರನೆಯ ಪಾತ್ರವಿಲ್ಲದ್ದರಿಂದ ಸರದಿಯನ್ನು ಎತ್ತಿಕೊಳ್ಳಲು ಬೇರೆ ಯಾರೂ ಇಲ್ಲ. ಒಬ್ಬರು ಸುಮ್ಮನಾದರೆ ಆ ಮೌನ ಇನ್ನೊಬ್ಬರ ಲೆಕ್ಕಕ್ಕೇ ಸೇರುತ್ತದೆ. ಉಳಿದ ಕಂತುಗಳಲ್ಲಿ ಜಾಶ್ ನಗೆಮಾತಿನಿಂದ ಮುಚ್ಚಿಬಿಡುತ್ತಿದ್ದ ಎಡೆಗಳು ಇಲ್ಲಿ ತೆರೆದೇ ಉಳಿಯುತ್ತವೆ. ಅವನು ನಗೆಮಾತನ್ನು ಬಿಟ್ಟಿದ್ದಾನೆ ಎಂದಲ್ಲ. ತಾಯಿ ಅದಕ್ಕೆ ಉತ್ತರಿಸುವ ಹಕ್ಕನ್ನು ಪಡೆದಿದ್ದಾಳೆ. ರೋಸ್ ತನ್ನ ಅಸ್ವಸ್ಥತೆಯ ಬಗ್ಗೆ ಅಧಿಕಾರವುಳ್ಳ ಮಾತುಗಾತಿಯಾಗಿ ಮಗನ ಎದುರು ನಿಲ್ಲುತ್ತಾಳೆ.

ನಾಲ್ಕನೆಯ ಸೀಸನ್ನಿನ ‘ಡಿಗಸ್ಟೇಷನ್’ ಕಂತಿನಲ್ಲಿ ಜಾಶ್ ವಿಚ್ಛೇದಿತ ತಂದೆತಾಯಿಯರನ್ನು, ಸಣ್ಣ ಸಣ್ಣ ಖಾದ್ಯಗಳು ಒಂದರ ಮೇಲೊಂದರಂತೆ ಬರುವ ದುಬಾರಿ ಊಟಕ್ಕೆ ಕರೆದೊಯ್ಯುತ್ತಾನೆ. ಸಂಭಾಷಣೆ ಸುಗಮವಾಗಿದೆ, ಕೆಲವೊಮ್ಮೆ ಸಂತೋಷವಾಗಿಯೂ ಇದೆ. ಇದಾದ ಬಳಿಕ ಅದೇ ಸೀಸನ್ನಿನಲ್ಲಿ ರೋಸ್ ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಹಿಂತಿರುಗಿ ನೋಡಿದಾಗ ಊಟದ ಮೇಜಿನ ಪ್ರತಿ ಸರದಿಯಲ್ಲೂ ಸುಳಿವು ಹುಡುಕುವ ಆಸೆ ವೀಕ್ಷಕನಿಗಾಗುತ್ತದೆ. ಆ ಹುಡುಕಾಟಕ್ಕೆ ಉತ್ತರ ಸಿಗದಂತೆ ಬರೆದಿರುವುದೇ ಥಾಮಸ್ ಅವರ ಪ್ರಾಮಾಣಿಕತೆ. ಸ್ಯಾಕ್ಸ್ ಹೇಳಿದ ನಗೆಮಾತಿನಲ್ಲಿ ಕೊನೆಯ ಸಾಲು ಹಿಂದಿನ ಎಲ್ಲವನ್ನೂ ಬೆಳಗುತ್ತದೆ. ಇಲ್ಲಿ ಕೊನೆ ಬಂದರೂ ಹಿಂದಿನದು ಬೆಳಗುವುದಿಲ್ಲ. ವೇದಿಕೆಯ ವ್ಯಾಕರಣದಿಂದ ಈ ಬರಹಗಾರ ಅತ್ಯಂತ ದೂರ ನಡೆದ ಘಳಿಗೆ ಇದೆಂದು ನಾವು ಭಾವಿಸುತ್ತೇವೆ.

6. ಎರಡನೆಯ ಸರಣಿ: ವಿವರಣೆಯ ಒತ್ತಡ

‘ಎವ್ರಿಥಿಂಗ್ಸ್ ಗೊನ್ನಾ ಬಿ ಓಕೆ’ಯಲ್ಲಿ ಥಾಮಸ್ ನಿರ್ವಹಿಸುವ ನಿಕೊಲಸ್, ಲಾಸ್ ಏಂಜಲೀಸ್‌ನಲ್ಲಿ ತಂದೆಯ ಸಾವಿನ ನಂತರ ಇಬ್ಬರು ಮಲತಂಗಿಯರ ಪೋಷಕನಾಗುವ ಆಸ್ಟ್ರೇಲಿಯನ್. ಹಿರಿಯವಳಾದ ಮಟಿಲ್ಡಾ ಆಟಿಸಂ ಉಳ್ಳವಳು. ಆ ಪಾತ್ರದ ನಟಿ ಕೇಲಾ ಕ್ರೋಮರ್ ಕೂಡ ಆಟಿಸಂ ಉಳ್ಳವರು. ಸಂದರ್ಭಾರ್ಥವಿಜ್ಞಾನದ ದೃಷ್ಟಿಯಿಂದ ಈ ಸರಣಿಯ ಸಾಧನೆ ಸಣ್ಣದಲ್ಲ. ಗ್ರೈಸ್ (1975) ಅವರ ಸಹಕಾರ ಸೂತ್ರಗಳನ್ನು ಅಳತೆಗೋಲಾಗಿಟ್ಟು ಆಟಿಸಂ ಉಳ್ಳವರ ಮಾತನ್ನು ಕೊರತೆಯೆಂದು ಅಳೆಯುವ ಪರಂಪರೆಗೆ ಪ್ರತಿಯಾಗಿ, ಡೇಮಿಯನ್ ಮಿಲ್ಟನ್ (2012) ಅರ್ಥಗ್ರಹಣದ ವೈಫಲ್ಯ ಎರಡೂ ಕಡೆಯದು ಎಂದು ವಾದಿಸಿದರು. ಮಟಿಲ್ಡಾ ಮತ್ತು ಅವಳ ಗೆಳತಿ ಡ್ರಿಯಾ ತಮ್ಮೊಳಗೆ ಮಾತನಾಡುವಾಗ ಕೊರತೆ ಕಾಣಿಸುವುದಿಲ್ಲ; ನೇರ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ. ಸುತ್ತುಬಳಸಿನ ಸೌಜನ್ಯಕ್ಕೆ ಒಗ್ಗಿದವರೇ ಅಲ್ಲಿ ತಡವರಿಸುತ್ತಾರೆ.

ಆದರೂ ಈ ಸರಣಿಯ ಸಂಭಾಷಣೆ ಮೊದಲನೆಯದರಷ್ಟು ತೆರೆದಿಲ್ಲ. ಒಂದು ಕಾರಣ, ಪಾತ್ರಗಳ ಧ್ವನಿ ಒಂದಕ್ಕೊಂದು ಹತ್ತಿರವಾಗಿರುವುದು. ಅಣ್ಣ, ತಂಗಿಯರು, ಪ್ರಿಯಕರ ಎಲ್ಲರೂ ನಿಕೊಲಸ್‌ನ ಲಯದಲ್ಲೇ ಮಾತನಾಡುತ್ತಾರೆ: ಅರ್ಧ ವಾಕ್ಯ, ತಿರುವು, ತನ್ನನ್ನೇ ತಿದ್ದಿಕೊಳ್ಳುವ ಬಾಲವಾಕ್ಯ. ಮೊದಲ ಸರಣಿಯಲ್ಲಿ ಸಹಬರಹಗಾರ ಥಾಮಸ್ ವಾರ್ಡ್ ಅವರೂ ಟಾಮ್ ಎಂಬ ಪಾತ್ರದಲ್ಲಿ ಎದುರಿಗಿದ್ದರು. ಇನ್ನೊಂದು ವ್ಯಕ್ತಿಭಾಷೆಯ ಘರ್ಷಣೆ ಅಲ್ಲಿತ್ತು. ಇಲ್ಲಿ ವೇದಿಕೆಯ ಏಕಧ್ವನಿ ಹಲವು ಬಾಯಿಗಳಿಗೆ ಹಂಚಿಹೋಗಿದೆ, ಬಹುಧ್ವನಿಯಾಗಿಲ್ಲ.

ಇನ್ನೊಂದು ಕಾರಣ, ವಿವರಣೆಯ ಒತ್ತಡ. ಎರಡನೆಯ ಸೀಸನ್ನಿನಲ್ಲಿ ನಿಕೊಲಸ್ ತಾನೂ ಆಟಿಸಂ ಉಳ್ಳವನೆಂದು ತಿಳಿಯುತ್ತಾನೆ; ಥಾಮಸ್ ಅವರೂ ತಮಗೆ ಅದೇ ನಿರ್ಣಯವಾಗಿರುವುದನ್ನು ಆ ಸುಮಾರಿನಲ್ಲಿ ಸಾರ್ವಜನಿಕವಾಗಿ ಹೇಳಿದರು. ರಚನೆ ಕ್ಲೇರ್‌ಳ ದೃಶ್ಯದ್ದೇ: ತನ್ನ ಬಗೆಗಿನ ಸತ್ಯ ಹೊರಗಿನಿಂದ ಬರುತ್ತದೆ. ಆದರೆ ವೈದ್ಯಕೀಯ ನಿರ್ಣಯ ಎಂಬುದು ಸ್ವಭಾವತಃ ಇನ್ನೊಬ್ಬರ, ಅದೂ ಸಂಸ್ಥೆಯ ಅಧಿಕಾರ ಪಡೆದವರ, ಮಾತು. ಕ್ಲೇರ್‌ಳ ವಾಕ್ಯವನ್ನು ಜಾಶ್ ಅಲ್ಲಗಳೆಯಬಹುದಿತ್ತು, ಮುಂದೂಡಬಹುದಿತ್ತು, ನಿಧಾನವಾಗಿ ತನ್ನದಾಗಿಸಿಕೊಳ್ಳಬಹುದಿತ್ತು. ನಿರ್ಣಯದ ಪದ ಹಿಂದಿನ ಎಲ್ಲ ನಡವಳಿಕೆಗೂ ಒಮ್ಮೆಲೇ ವಿವರಣೆ ಕೊಡುತ್ತದೆ. ‘ಡಿಗಸ್ಟೇಷನ್’ ನಿರಾಕರಿಸಿದ್ದ ಕೊನೆಯ ಸಾಲಿನ ಬೆಳಕು ಇಲ್ಲಿ ಮರಳಿ ಬರುತ್ತದೆ. ಇದು ವ್ಯಕ್ತಿಗೆ ಬಿಡುಗಡೆಯಾಗಿರಬಹುದು, ಅದನ್ನು ನಾವು ಪ್ರಶ್ನಿಸುವುದಿಲ್ಲ. ಸಂಭಾಷಣೆಗೆ ಮಾತ್ರ ಅದು ಒಂದು ಮುಕ್ತಾಯ.

ಉಚ್ಚಾರಣೆಯ ವಿಷಯದಲ್ಲಿ ಸಿಕ್ಕ ಅವಕಾಶವೂ ಪೂರ್ತಿ ಬಳಕೆಯಾಗಿಲ್ಲ. ಮಿಚೆಲ್ ಮತ್ತು ಡೆಲ್‌ಬ್ರಿಜ್ (1965) ಗುರುತಿಸಿದ ಆಸ್ಟ್ರೇಲಿಯನ್ ಇಂಗ್ಲಿಷಿನ ಮೂರು ಬಗೆಗಳಲ್ಲಿ ಯಾವುದಕ್ಕೂ ಥಾಮಸ್ ಅವರ ಉಚ್ಚಾರಣೆ ಸಲೀಸಾಗಿ ಒಗ್ಗುವುದಿಲ್ಲ. ತಾಯ್ನಾಡಿನ ಕೇಳುಗರಲ್ಲೇ ಅದು ಕುತೂಹಲದ ವಸ್ತು. ಅಮೆರಿಕಕ್ಕೆ ಬಂದಾಗ ಈ ವೈಯಕ್ತಿಕ ವೈಲಕ್ಷಣ್ಯ ‘ಆಸ್ಟ್ರೇಲಿಯನ್’ ಎಂಬ ರಾಷ್ಟ್ರೀಯ ಗುರುತಾಗಿ ಓದಿಸಿಕೊಳ್ಳುತ್ತದೆ. ಸಿಲ್ವರ್‌ಸ್ಟೀನ್ (2003) ಹೇಳಿದ ಸೂಚಕ ಶ್ರೇಣಿಯ ಪಲ್ಲಟಕ್ಕೆ ಇದು ಒಳ್ಳೆಯ ಉದಾಹರಣೆ: ಊರಲ್ಲಿ ವ್ಯಕ್ತಿಯನ್ನು ಸೂಚಿಸುತ್ತಿದ್ದದ್ದು ಪರದೇಶದಲ್ಲಿ ಊರನ್ನೇ ಸೂಚಿಸುತ್ತದೆ.

7. ಉಪಸಂಹಾರ

ಟೆಲಿವಿಷನ್ನಿನ ಬಳಿಕ ಥಾಮಸ್ ‘ಲೆಟ್ಸ್ ಟೈಡಿ ಅಪ್’ ಎಂಬ ಏಕವ್ಯಕ್ತಿ ಪ್ರದರ್ಶನದೊಂದಿಗೆ ವೇದಿಕೆಗೆ ಮರಳಿದರು. ಅದನ್ನು ನಾಟಕಕಾರ್ತಿ ಲ್ಯಾಲಿ ಕಾಟ್ಜ್ ಅವರೊಡನೆ ಸೇರಿ ಬರೆದರು. ಸ್ಟ್ಯಾಂಡ್‌ಅಪ್ ಎಂಬುದು ಟೆಲಿವಿಷನ್ ಬರವಣಿಗೆಗೆ ಏರುವ ಮೆಟ್ಟಿಲು ಎಂಬ ಪ್ರಚಲಿತ ನೋಟವನ್ನು ಈ ಮರಳುವಿಕೆ ಅಲುಗಾಡಿಸುತ್ತದೆ. ವೇದಿಕೆಯ ‘ನಾನು’ವಿನ ಹಿಂದೆ ಈಗ ಇಬ್ಬರು ರಚನಕಾರರಿದ್ದಾರೆ, ಒಬ್ಬನಲ್ಲೇ ಕೂಡಿದಂತೆ ಕಂಡಿದ್ದ ಗಾಫ್‌ಮನ್‌ರ ಮೂರು ಸ್ಥಾನಗಳು ಬಹಿರಂಗವಾಗಿಯೇ ಬೇರ್ಪಟ್ಟಿವೆ.

ಲೈಂಗಿಕ ಅಸ್ಮಿತೆಯ ಭಾಷಾಧ್ಯಯನ ಸ್ವಘೋಷಣೆಯ ಕ್ಷಣಕ್ಕೆ ಕೊಟ್ಟಷ್ಟು ಗಮನವನ್ನು ಪರಘೋಷಣೆಗೆ ಕೊಟ್ಟಿಲ್ಲ. ಆದರೆ ಅನೇಕರ ಬದುಕಿನಲ್ಲಿ ವಾಕ್ಯ ಮೊದಲು ಕೇಳಿಸುವುದು ಇನ್ನೊಬ್ಬರ ಬಾಯಿಂದ, ಕೆಲವೊಮ್ಮೆ ಪ್ರೀತಿಯಿಂದ, ಹೆಚ್ಚು ಸಲ ಬೈಗುಳವಾಗಿ. ಆ ವಾಕ್ಯ ‘ತಾನು’ ಆಗುವವರೆಗಿನ ದೂರವನ್ನು ಅಳೆಯಲು ‘ಪ್ಲೀಸ್ ಲೈಕ್ ಮಿ’ಯಂಥ ಸಂಭಾಷಣಾ ಪಠ್ಯಗಳು ಒಳ್ಳೆಯ ಸಾಮಗ್ರಿ. ಕನ್ನಡದಂತೆ ‘ತಾನು’ವನ್ನೂ ‘ಅವನು’ವನ್ನೂ ವ್ಯಾಕರಣದಲ್ಲೇ ಬೇರೆಯಿಟ್ಟ ಭಾಷೆಗಳ ವಿದ್ಯಾರ್ಥಿಗಳಿಗೆ ಆ ಅಳತೆಯ ಕೋಲು ಕೈಯಲ್ಲೇ ಇದೆ.